ಕಂಪ್ಯೂಟರಿಗೆ ಏನ್ ಕಾಣ್ತದ

ನಮ್ಮ ಕೆಳಗಿನ ಮನೆಯ ಧಾರವಾಡದ ಹುಡುಗಿ ಇಲ್ಲಿನ ಖರಾಡಿ ಬಡಾವಣೆಯ ಕಂಪನಿಯೊಂದರಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದಳು. ಕೀಬೋರ್ಡ್ ಮುಟ್ಟುವ ಮೊದಲು ಬಳೆಗಳನ್ನು ಮೇಲಕ್ಕೆ ಸರಿಸಿ, "ಕಂಪ್ಯೂಟರಿಗೆ ಏನ್ ಕಾಣ್ತದ ನೋಡೂಣ್ರಿ," ಎನ್ನುವುದು ಅವಳ ರೂಢಿ.

ನಮ್ಮ ಕನ್ನಡ ಸಂಘದ ಗ್ರಂಥಾಲಯದ ಪುಸ್ತಕಗಳ ಹೆಸರನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು. ಕಾನ್ವೆಂಟಿನಲ್ಲಿ ಓದಿದವಳು ಕನ್ನಡಸೇವೆ ಮಾಡುತ್ತಿದ್ದೇನೆಂದು ಬೀಗುತ್ತ ಮಳೆಗಾಲವಿಡೀ ಟೈಪ್ ಮಾಡಿದೆ. ಭಾನುವಾರ ಉದ್ಘಾಟನೆ. ಶುಕ್ರವಾರ ಅಕಾರಾದಿಯಾಗಿ ಜೋಡಿಸಲು ಹೋದರೆ ಹೆಸರುಗಳೆಲ್ಲ ಚೆಲ್ಲಾಪಿಲ್ಲಿ.

ಕರೆದ ಕೂಡಲೇ ಆ ಹುಡುಗಿ ಬಂದು, ತನ್ನ ರೂಢಿಯ ಮಾತು ಹೇಳಿ, ಫಾಂಟ್ ಬದಲಿಸಿದಳು. ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು.

"ವೈನಿ, ಕನ್ನಡ ಬರೇ ಫಾಂಟಿನ ವೇಷ. ಒಳಗ ನೀವು ಬರದದ್ದೆಲ್ಲಾ ಇಂಗ್ಲಿಷೇ. ಅದಕ್ಕ ಎಬಿಸಿಡಿ ಪ್ರಕಾರ ಜೋಡಸೇದ."

"ನಮ್ಮ ಕಾನ್ವೆಂಟಿನ ಸಿಸ್ಟರ್ ಕೇಳಿದ್ರ ಭಾಳ ಖುಷಿಪಡ್ತಾರ," ಎಂದೆ.

ಅವಳು ನಗದೆ ಕೂತು, ಪ್ರತಿ ಇಂಗ್ಲಿಷ್ ಅಕ್ಷರಕ್ಕೂ ಅದರ ಕನ್ನಡ ಅಕ್ಷರ ಹೊಂದಿಸಿ, ಶನಿವಾರ ಸಂಜೆಯೊಳಗೆ ಎಲ್ಲವನ್ನೂ ಕಂಪ್ಯೂಟರಿಗೂ ಕನ್ನಡವೆಂದೇ ಕಾಣುವ ಯೂನಿಕೋಡಿಗೆ ತಿರುಗಿಸಿದಳು.

"ಈಗ ಜೋಡಸೇನಿ. ಕ್ರಮ ಸರಿ ಅದನೋ ಇಲ್ಲೋ ನೀವ ನೋಡ್ರಿ, ವೈನಿ."

ಗಂಭೀರವಾಗಿ ಕನ್ನಡಕ ಏರಿಸಿ ನೋಡುತ್ತ ಹೋದೆ. ಅರ್ಧಕ್ಕೆ ನಿಂತು, ಅಡುಗೆಮನೆಯಲ್ಲಿದ್ದ ಅತ್ತೆಯವರನ್ನು ಮೆಲ್ಲಗೆ ಕೇಳಿದೆ: "ಅತ್ತಿ, ಟ ಮೊದಲೋ ತ ಮೊದಲೋ?"

ಹುಡುಗಿ ಎದ್ದು ಒಳಗೆ ಹೋಗಿ, ಅತ್ತೆಯವರ ಕೈಹಿಡಿದು ಕರೆತಂದು, ನನ್ನನ್ನು ಎಬ್ಬಿಸಿ, ಆ ಕುರ್ಚಿಯಲ್ಲಿ ಅವರನ್ನು ಕೂರಿಸಿದಳು.