ಮಾರವ್ವನ ಮುರಿದ ಹುಬ್ಬು

ಮಳವಳ್ಳಿ ಸೀಮೆಯಲ್ಲಿ ಮಾರಿಮೊರ ಬರೆಯುವ ಜವರಯ್ಯನನ್ನು ಅರಿಯದವರಿರಲಿಲ್ಲ. ಊರಿಗೆ ಸಿಡುಬು ಬಿದ್ದಾಗ ಹೊಸ ಮೊರಕ್ಕೆ ಹುಣಸೆಬೀಜದ ಅಂಟು ಬಳಿದು ಒಣಗಿಸಿ, ಮೇಲೆ ಮಾರವ್ವನ ಮುಖ ಬರೆದುಕೊಡುತ್ತಿದ್ದ. ಪೂಜೆಯಾದ ಮೇಲೆ ಊರವರು ತಮಟೆ ಬಡಿಸಿಕೊಂಡು ಹೋಗಿ ಅದನ್ನು ಗಡಿಯಾಚೆ ಇಟ್ಟು, ತಿರುಗಿ ನೋಡದೆ ಬರುತ್ತಿದ್ದರು. ರೋಗ ಅವಳ ಜೊತೆ ಹೋಯಿತು ಅಂತ. ದಾಟಿಸಿದ ಮೊರ ಮತ್ತೆ ಊರೊಳಗೆ ಬರಕೂಡದು.

ಮೂವತ್ತೆಂಟನೇ ಇಸವಿಯ ಬೇಸಗೆಯಲ್ಲಿ ಅವನ ಒಬ್ಬಳೇ ಮಗಳು ಮುದ್ದಮ್ಮ ಸಿಡುಬಿಗೆ ಹೋದಳು. ಸೂತಕ ಕಳೆಯುವ ತನಕವೂ ಕಾಯದೆ ಊರವರು ಮೊರ ಬರೆಸಿದರು. ಅವನು ತಲೆಯೆತ್ತದೆ ಬರೆದ. ಮೊರ ಹೊರಡುವಾಗ ಬಾಗಿಲಿಗೆ ಬಂದ ಹೆಂಡತಿ ಬೀರಮ್ಮ ಅದನ್ನು ನೋಡಿದಳು. ಮಾರವ್ವನ ಎಡಹುಬ್ಬು ನಡುವೆ ಮುರಿದಿತ್ತು. ಮುದ್ದಮ್ಮ ಅಂಬೆಗಾಲಿಡುವಾಗ ಒರಳಿನ ಮೇಲೆ ಬಿದ್ದು ಆದ ಗಾಯ ಅದು. ಕಣ್ಣು, ಗಲ್ಲ, ಎಲ್ಲ ಅವಳದೇ.

ಮಗಳ ಮುಖ ಅಂತ ಉಳಿದದ್ದು ಅದೊಂದೇ. ಕೊಟ್ಟುಬಿಡಿ ಅಂತ ಅಂಗಲಾಚಿದಳು. ಊರ ಯಜಮಾನ ಕೆಂಪಸಿದ್ದಯ್ಯ ನಿಂತು ಕೇಳಿದ.

“ನಿನ್ ಮಗಳ ಮೊಕಕ್ಕೋಸ್ಕರ ಊರ್ ಮಕ್ಳೆಲ್ಲ ಸಾಯ್ಬೇಕೇನಮ್ಮ?”

ಮೊರ ಹೊರಟುಹೋಯಿತು. ಮಾರನೆಯ ದಿನ ದೂರದಿಂದಲಾದರೂ ನೋಡೋಣವೆಂದು ಗಡಿಗೆ ಹೋದಳು. ಬೇವಿನ ಸೊಪ್ಪು ಬಿದ್ದಿತ್ತು, ಮೊರ ಇರಲಿಲ್ಲ.

ಜವರಯ್ಯ ಮರುವರ್ಷವೇ ತೀರಿಕೊಂಡ. ಆದರೆ ಆ ಮೊರ ಹೋದ ಮೇಲೆ ಸಿಡುಬು ನಿಂತಿತ್ತಲ್ಲ, ಮಳವಳ್ಳಿಯಿಂದ ಮದ್ದೂರಿನ ತನಕ ಎಲ್ಲರಿಗೂ ಅದೇ ಮುಖ ಬೇಕಾಯಿತು. ಅವನ ಶಿಷ್ಯ ಸಣ್ಣಯ್ಯ ಅದನ್ನೇ ಬರೆದ, ಉಳಿದವರು ಸಣ್ಣಯ್ಯನದನ್ನು ನೋಡಿ ಬರೆದರು. ಊರು ಮತ್ತೆ ಮತ್ತೆ ಮಗಳನ್ನು ಆಚೆ ಅಟ್ಟುವುದನ್ನು ಬೀರಮ್ಮ ಜಗಲಿಯಲ್ಲಿ ಕೂತು ನೋಡಿದಳು.

ನಲವತ್ತಾರರ ದಸರೆಗೆ ಹೋಗಿದ್ದ ಸಣ್ಣಯ್ಯ, ಗಡಿಯಿಂದ ಯಾರೋ ಎತ್ತಿಕೊಂಡು ಹೋಗಿದ್ದ ಗುರುವಿನ ಕೈಯ ಆ ಮೊದಲ ಮೊರವನ್ನು ಮೈಸೂರಿನ ಒಂದು ಚಿತ್ರಶಾಲೆಯಲ್ಲಿ ಕಂಡು ಬಂದ. ಮದ್ದೂರಿನಲ್ಲಿ ರೈಲು ಹತ್ತಿಸಿ ಬೀರಮ್ಮನನ್ನೂ ಕರೆದೊಯ್ದ. ಮೊರ ಗಾಜಿನ ಹಿಂದಿತ್ತು. ಕೆಳಗಿನ ಚೀಟಿಯನ್ನು ಅವನು ಅಕ್ಷರ ಕೂಡಿಸಿ ಓದಿದ: ಮಾರಿ, ಮಳವಳ್ಳಿ ಕಡೆಯದು. ಜವರಯ್ಯನ ಹೆಸರಿರಲಿಲ್ಲ. ಬೀರಮ್ಮ ಗಾಜಿನ ಮೇಲೆ ಅಂಗೈಯಿಟ್ಟಳು. ಕಾವಲಿನವನು ಕೈ ತೆಗಿ ಅಂದ, ತೆಗೆದಳು.

“ನಮ್ದು, ಕೊಡಿ ಅಂತ ಕೇಳ್ಲಾ ಅವ್ವ?” ಅಂದ ಸಣ್ಣಯ್ಯ.

“ಕೊಟ್ರೆ ಎಲ್ಲಿಗ್ ತಕಂಡೋಗನ ಮಗ? ಗಡಿ ದಾಟ್ಸಿದೋಳ್ನ ಊರೊಳಿಕ್ ಬುಟ್ಟಾರಾ? ಇಲ್ಲಿದ್ರೆ ಯಾರೂ ಅಟ್ಟಾಕಿಲ್ಲ. ಇರ್ಲಿ ಬುಡು.”

ರೈಲಿನಲ್ಲಿ ಬರುವಾಗ ಒಂದೇ ಮಾತು ಕೇಳಿಕೊಂಡಳು, ಇನ್ನು ಮೇಲೆ ಆ ಹುಬ್ಬು ಮುರಿಯಬೇಡ ಅಂತ. ಅವನು ಒಪ್ಪಿದ.

ನಲವತ್ತೇಳರ ಬೇಸಗೆಯಲ್ಲಿ ಮತ್ತೆ ಸಿಡುಬು ಬಂತು. ಸಣ್ಣಯ್ಯ ಹುಬ್ಬು ತುಂಬಿ ಬರೆದ. ಊರವರು ಮೊರವನ್ನು ಅವನ ಜಗಲಿಗೆ ವಾಪಸು ತಂದು, ಹುಬ್ಬು ಮುರಿದಿಲ್ಲ, ಇದು ನಮ್ಮ ಮಾರಿಯಲ್ಲ ಅಂದರು. ಅವನು ಅಲ್ಲೇ ಕೂತಿದ್ದ ಬೀರಮ್ಮನ ಮುಖ ನೋಡಿದನೇ ಹೊರತು ಕುಂಚ ಎತ್ತಲಿಲ್ಲ. ಪಕ್ಕದ ಮನೆಯಲ್ಲಿ ಸಿಡುಬೆದ್ದ ಮಗು ನರಳುವುದು ಎಲ್ಲರಿಗೂ ಕೇಳುತ್ತಿತ್ತು.

ಬೀರಮ್ಮ ಮೊರವನ್ನು ಮಡಿಲಿಗೆ ಎಳೆದುಕೊಂಡಳು. ಎಡಹುಬ್ಬಿನ ನಡುವೆ ಮಸಿಯನ್ನು ಉಗುರಿನಿಂದ ಕೆರೆದಳು, ಗಾಯ ಇದ್ದಷ್ಟೇ ಅಗಲ.

“ತಕಂಡೋಗಿ,” ಅಂದಳು.