ಹಲಸಿನ ಮೇಣದ ಚುಕ್ಕೆ

ಇವತ್ತು ಬಾಳಗಡಿಯ ಕಂಪ್ಯೂಟರ್ ಅಂಗಡಿಯಲ್ಲಿ ಒಂದು ಹೊಸ ಕೀಬೋರ್ಡಿನ ಮೇಲೆ ಕೈಯಿಟ್ಟೆ. ಎಫ್ ಮತ್ತು ಜೆ ಗುಂಡಿಗಳ ಮೇಲಿರುವ ಸಣ್ಣ ಉಬ್ಬುಗೆರೆ ಎರಡೂ ತೋರುಬೆರಳಿಗೆ ತಗುಲಿತು. ನೋಡದೆಯೇ ಬೆರಳು ತನ್ನ ಜಾಗ ಹುಡುಕಿಕೊಳ್ಳಲಿ ಎಂದು ಮಾಡಿದ ಗೆರೆ ಅದು. ಅದು ತಗುಲಿದಾಗಲೆಲ್ಲ ನನಗೆ ಕೊಪ್ಪದ ಟೈಪಿಂಗ್ ಮೇಷ್ಟ್ರು ನೆನಪಾಗುತ್ತಾರೆ. ನೆನಪಾದಾಗಲೆಲ್ಲ ಹಲ್ಲು ಕಡಿಯುತ್ತೇನೆ.

ಅವರ ಇನ್‌ಸ್ಟಿಟ್ಯೂಟ್ ಇದ್ದದ್ದು ಪೇಟೆಯ ಒಂದು ಮಹಡಿಯ ಮೇಲೆ. ಮೆಟ್ಟಿಲು ಹತ್ತುವಾಗಲೇ ಎಣ್ಣೆ, ರಿಬ್ಬನ್ನಿನ ಶಾಯಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಕೈಗಳ ಮೇಲೆ ಒಂದು ಬಟ್ಟೆ ಮುಚ್ಚಿ ಟೈಪ್ ಮಾಡಿಸುತ್ತಿದ್ದರು. ಗುಂಡಿಯತ್ತ ಕಣ್ಣು ಹೋದರೆ ಮರದ ಸ್ಕೇಲು ಬೀಳುತ್ತಿತ್ತು. ವಾಕ್ಯ ಮುಗಿದ ಮೇಲೆ ಸ್ಪೇಸ್ ಬಾರನ್ನು ಒಂದೇ ಸಲ ಒತ್ತಿದರೆ ಏಟು ಹೆಬ್ಬೆರಳಿಗೆ.

"ಎರಡು ಸಲ ಒತ್ತು ಮಾರಾಯ್ತಿ. ಓದೋರು ಉಸಿರು ತಗೊಳ್ಳದು ಬ್ಯಾಡ್ವಾ?"

ಬಟ್ಟೆಯ ಅಡಿಯಲ್ಲಿ ನನ್ನ ಬೆರಳು ದಿಕ್ಕು ತಪ್ಪುತ್ತಿತ್ತು. ಒಂದು ಬೇಸಿಗೆಯಲ್ಲಿ ಮನೆಯಲ್ಲಿ ಹಲಸಿನ ಹಣ್ಣು ಬಿಡಿಸುತ್ತಿದ್ದಾಗ ಉಪಾಯ ಹೊಳೆಯಿತು. ಕಡ್ಡಿಗೆ ಸುತ್ತಿದ ಅಂಟು ಮೇಣವನ್ನು ಎಲೆಯಲ್ಲಿ ಮಡಚಿ ಒಯ್ದು, ಎಫ್ ಮೇಲೊಂದು, ಜೆ ಮೇಲೊಂದು ಚುಕ್ಕೆ ಅಂಟಿಸಿದೆ. ಅಲ್ಲಿಂದ ನನ್ನ ಬೆರಳು ಓಡತೊಡಗಿತು ನೋಡಿ... ಆ ಮಹಡಿಯಲ್ಲಿ ನನ್ನಷ್ಟು ವೇಗ ಇನ್ಯಾರಿಗೂ ಇರಲಿಲ್ಲ. ಕೊಪ್ಪದ ಒಂದು ಸೊಸೈಟಿಯಲ್ಲಿ ಟೈಪಿಸ್ಟ್ ಕೆಲಸ ಖಾಲಿಯಿತ್ತು. ಪರೀಕ್ಷೆ ಪಾಸಾದರೆ ಅದು ನನ್ನದೇ ಎಂದು ಅಮ್ಮ ಆಗಲೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಆಗೆಲ್ಲ ದೂರದ ಪರೀಕ್ಷಾ ಕೇಂದ್ರಕ್ಕೆ ಟೈಪ್‌ರೈಟರನ್ನು ನಾವೇ ಒಯ್ಯಬೇಕಿತ್ತು. ಗೋಣಿಚೀಲ ಸುತ್ತಿ ಜೀಪಿಗೆ ಹೇರಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಘಾಟಿಯ ತಿರುವುಗಳಲ್ಲಿ ಸಾಗುತ್ತಿದ್ದೆವು. ಯಾರು ಯಾವ ಯಂತ್ರದಲ್ಲಿ ಕಲಿತರೋ ಅವರಿಗೆ ಅದೇ ಯಂತ್ರ ಎನ್ನುವುದು ಪದ್ಧತಿ. ಹೊರಡುವ ಹಿಂದಿನ ದಿನ ಮೇಷ್ಟ್ರು ಯಂತ್ರ ಒರೆಸಲು ಹೋದರು. ಬೆರಳು ಮೇಣಕ್ಕೆ ಅಂಟಿತು.

"ಎಂತ ಇದು? ಕುರುಡರ ಕೋಲಾ?" ಎಂದು ಎಲ್ಲರೆದುರು ಕೂಗಿದರು. ಬ್ಲೇಡಿನಿಂದ ಎರಡೂ ಚುಕ್ಕೆ ಕೆರೆದು ಹಾಕಿದರು. ಶಿಕ್ಷೆಯೆಂದು ನನ್ನ ಯಂತ್ರವನ್ನು ತಮ್ಮ ತಂಗಿಯ ಮಗಳಿಗೆ ಕೊಟ್ಟರು. ಸಾಲು ಮುಗಿದು ಕಾಗದದ ಉರುಳೆಯನ್ನು ಹಿಂದಕ್ಕೆ ತಳ್ಳಿದರೆ ಸಿಕ್ಕಿಕೊಳ್ಳುವ, ಯಾರೂ ಮುಟ್ಟದ ಯಂತ್ರ ನನ್ನ ತೊಡೆಗೆ ಬಂತು. ಮೇಣ ಬರೀ ನೆವ. ತಂಗಿಯ ಮಗಳೂ ಅದೇ ಸೊಸೈಟಿಯ ಕೆಲಸಕ್ಕೆ ಅರ್ಜಿ ಹಾಕಿದ್ದಳು.

ಪರೀಕ್ಷೆಯಲ್ಲಿ ಅರ್ಧ ಪುಟವೂ ದಾಟಲಿಲ್ಲ. ನಾನು ಫೇಲಾದೆ, ಅವಳು ಪಾಸಾದಳು, ಕೆಲಸವೂ ಅವಳಿಗೇ ಆಯಿತು. ಅಮ್ಮ ಎಷ್ಟೋ ದಿನ ಪೇಟೆಯ ಕಡೆ ತಲೆ ಹಾಕಲಿಲ್ಲ... ಆ ಮನುಷ್ಯನನ್ನು ಸುಮ್ಮನೆ ಬಿಡುವುದಿಲ್ಲವೆಂದು ನಾನು ಅವತ್ತೇ ಗಂಟು ಹಾಕಿಕೊಂಡೆ.

ಬಿಡಲೂ ಇಲ್ಲ. ಕಂಪ್ಯೂಟರ್ ಬಂದ ಹೊಸತರಲ್ಲೇ ಕಲಿತು, ಅವರ ಮಹಡಿಗೆ ಎದುರಾಗಿಯೇ ಕಂಪ್ಯೂಟರ್ ಕಲಿಸುವ ಅಂಗಡಿ ಹಾಕಿದೆ. ಬೋರ್ಡನ್ನು ಅವರ ಕಿಟಕಿಗೆ ನೇರ ಕಾಣುವಂತೆ ನೇತುಹಾಕಿಸಿದೆ. ಅವರ ಮೆಟ್ಟಿಲು ಹತ್ತುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ನನ್ನ ಬಾಗಿಲಿಗೆ ಬಂದರು. ಬಂದವರಿಗೆಲ್ಲ ಮೊದಲು ಎಫ್ ಮತ್ತು ಜೆ ಮೇಲಿನ ಉಬ್ಬು ಮುಟ್ಟಿಸಿ, "ಇದಕ್ಕೆ ನನ್ನನ್ನ ಕುರುಡಿ ಅಂದ ಪುಣ್ಯಾತ್ಮರು ಎದುರಿಗೇ ಇದ್ದಾರೆ" ಎನ್ನುತ್ತಿದ್ದೆ. ಖಾಲಿ ಮಹಡಿಯಲ್ಲಿ ಅವರೊಬ್ಬರೇ ಟಕಟಕ ಕುಟ್ಟುವುದು ಕೇಳಿದರೆ ನನಗೆ ಊಟ ಎರಡು ತುತ್ತು ಹೆಚ್ಚು ಸೇರುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಕೊನೆಗೆ ಅವರು ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿದರು. ನನ್ನ ಅಂಗಡಿಯೆದುರಿಗೇ ನಿಲ್ಲಿಸಿದ್ದ ಪಿಕಪ್ಪಿಗೆ ಹೇರುವ ದಿನ ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನ ಯಂತ್ರವೂ ಹೋಯಿತು, ಜೆ ಗುಂಡಿಯ ಮೇಲೆ ಮೇಣದ ಕಪ್ಪು ಕಲೆ ಹಾಗೇ ಇತ್ತು. ಪರೀಕ್ಷೆಗೆ ಅದನ್ನು ನಿನಗೇ ಕೊಡಬೇಕಿತ್ತು ಎಂಬ ಒಂದು ಮಾತು ಅವರ ಬಾಯಿಂದ ಬಂದಿದ್ದರೆ ಸಾಕಿತ್ತು. ಅವರು ರಸ್ತೆ ದಾಟಿ ಬಂದರು. ಅವರು ತಲೆಯೆತ್ತಿ ನನ್ನ ಬೋರ್ಡು ನೋಡಿದರು.

"ಅಕ್ಷರ ಸೊಟ್ಟ ಇದೆ ಮಾರಾಯ್ತಿ" ಎಂದು ಹೇಳಿ ಹೋದರು.

ಆಮೇಲೆ ಅವರು ಶೃಂಗೇರಿಯ ಮಗಳ ಮನೆ ಸೇರಿದರು. ನಾನು ಮದುವೆಯಾಗಿ ನರಸಿಂಹರಾಜಪುರಕ್ಕೆ ಬಂದೆ. ಈಗಲೂ ಮನೆಯಲ್ಲೇ ಕೂತು ಟೈಪಿಂಗ್ ಮಾಡಿಕೊಡುತ್ತೇನೆ. ಕಂಪ್ಯೂಟರಿನ ಜೊತೆ ಬಂದ ಕೀಬೋರ್ಡಿನಲ್ಲಿ ಸಂಜೆಗೆ ಮಣಿಕಟ್ಟು ಹಿಡಿದುಕೊಳ್ಳುತ್ತಿತ್ತು, ಹಾಗಾಗಿ ಒಳ್ಳೆಯದೊಂದನ್ನು ಹುಡುಕಿಕೊಂಡು ಬಾಳಗಡಿಗೆ ಹೋಗಿದ್ದು.

ಅಂಗಡಿಯವನು ಮೊದಲು ಬಣ್ಣಬಣ್ಣದ ದೀಪದ್ದು ತೋರಿಸಿದ. ಬೇಡವೆಂದೆ. ಸದ್ದೇ ಬರದ, ಹಪ್ಪಳದಂಥದ್ದು ತೋರಿಸಿದ. ಅದೂ ಬೇಡವೆಂದೆ. ಗುಂಡಿ ಒತ್ತಿದರೆ ಒಳಗೆ ಇಳಿಯಬೇಕು, ಒತ್ತಿದ್ದು ಬೆರಳಿಗೂ ಕಿವಿಗೂ ಗೊತ್ತಾಗಬೇಕು, ಮೇಜಿನ ಮೇಲೆ ಜಾರಬಾರದು, ಅಕ್ಷರ ಆರು ತಿಂಗಳಲ್ಲಿ ಅಳಿಸಿಹೋಗಬಾರದು. ಒಂದೊಂದನ್ನೂ ಕಣ್ಣು ಮುಚ್ಚಿ ಕುಟ್ಟಿ ನೋಡಿದೆ.

"ಎಂತ ಅಕ್ಕ, ನೋಡ್ದೇನೆ ಇಷ್ಟು ಜೋರು ಹೊಡಿತೀರಿ! ಯಾರು ಕಲಿಸಿದ್ದು?"

ಮೇಷ್ಟ್ರ ಗುರುತು ಹೇಳಿದೆ. ಈ ಕೀಬೋರ್ಡನ್ನು ಶೃಂಗೇರಿಗೆ ಒಯ್ದು ಆ ಮುದುಕನ ಬೆರಳು ಹಿಡಿದು ಉಬ್ಬಿನ ಮೇಲೆ ಇಡಬೇಕು, ಬಾಯಿ ಬಿಡಿಸಿಯೇ ಬರಬೇಕು ಎಂದು ಒಳಗೇ ಲೆಕ್ಕ ಹಾಕುತ್ತಿದ್ದೆ.

"ಅಯ್ಯೋ, ಅವರು ಹೋದ್ರಲ್ಲ ಅಕ್ಕ. ಹೋದ ಮಳೆಗಾಲದಲ್ಲೇ. ನಿಮಗೆ ಗೊತ್ತಿರಲಿಲ್ವಾ?"

ಅತ್ತೆನೆಂದರೆ ಸುಳ್ಳಾದೀತು. ಸಿಟ್ಟು ಬಂತು. ಹೇಳಬೇಕಾದ ಮಾತು ಹೇಳದೆ ತಪ್ಪಿಸಿಕೊಂಡರಲ್ಲ! ಇಷ್ಟು ವರ್ಷ ಕಾದಿಟ್ಟ ಸೇಡನ್ನು ಇನ್ನು ಯಾರ ಬಾಗಿಲಿಗೆ ಒಯ್ಯಲಿ?

ಮನೆಗೆ ಬಂದವಳೇ ಹೊಸ ಕೀಬೋರ್ಡ್ ಜೋಡಿಸಿ, ಅವರಿಗೆ ಹೇಳಬೇಕೆಂದಿದ್ದನ್ನೆಲ್ಲ ಒಂದೇ ಉಸಿರಿಗೆ ಟೈಪ್ ಮಾಡಿದೆ. ಇದೇ ಲೇಖನ ಅದು. ಒಮ್ಮೆಯೂ ಗುಂಡಿಯತ್ತ ಕಣ್ಣು ಹೋಗಲಿಲ್ಲ. ಮುಗಿಸಿ ಪರದೆ ನೋಡಿದರೆ, ಬೈದ ಪ್ರತಿಯೊಂದು ವಾಕ್ಯದ ಕೊನೆಯಲ್ಲೂ ಎರಡೆರಡು ಜಾಗ ಖಾಲಿ. ಈಗ ಯಾರೂ ಹಾಗೆ ಬಿಡುವುದಿಲ್ಲ. ಒಂದೊಂದಾಗಿ ಅಳಿಸುತ್ತ ಬಂದೆ. ಅಳಿಸಿ ಈ ಕೊನೆಯ ಸಾಲು ಸೇರಿಸುವಾಗಲೂ ಹೆಬ್ಬೆರಳು ಎರಡು ಸಲವೇ ಒತ್ತುತ್ತಿದೆ...