ಓಟ ಮುಗಿಸಿ ಎದ್ದವಳು

ಮೋನಪ್ಪ ನನಗೆ ಹೇಳಿಯೇ ಹೋಗಿದ್ದ. ಹೇಳಲಿಲ್ಲ ಎಂದು ನಾನು ಸುಳ್ಳು ಹೇಳಿದೆ. ರಬ್ಬರ್ ಒಣಗಿಸುವ ನಮ್ಮ ಹೊಗೆಗೂಡು ಸುಟ್ಟುಹೋದದ್ದು ಅವನಿಂದಲ್ಲ — ನನ್ನ ಕೈಯಲ್ಲಿದ್ದ ಮೊಬೈಲಿನ ಒಂದು ಆಟದಿಂದ. ಆಟದಿಂದ ಎಂದರೆ ಅದೂ ಒಂದು ನೆವವೇ. ನನ್ನಿಂದ.

ಮೂವತ್ತು ವರ್ಷ ಕೋಡಿಂಬಾಳದ ಸುತ್ತಮುತ್ತ ಶಾಲೆಯಲ್ಲಿ ಕಲಿಸಿದವಳು ನಾನು. ಪೋಷಕರ ಸಭೆಯಲ್ಲಿ ಎದ್ದು ನಿಂತು, "ಮಕ್ಕಳ ಕೈಗೆ ಮೊಬೈಲ್ ಕೊಡ್ಬೇಡಿ ಮಾರಾಯ್ರೆ" ಎಂದು ಗಂಟಲು ಹರಿದುಕೊಂಡವಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ನಿವೃತ್ತಿಯಾದ ಮೇಲೆ ಎರಡೂ ಮಂಡಿ ಕೈಕೊಟ್ಟವು. ಅಂಗಳ ದಾಟುವುದೇ ಒಂದು ಯಾತ್ರೆ. ಆಗ ಸಿಕ್ಕಿತು ಆ ಆಟ. ದೊಡ್ಡ ಪಟ್ಟಣವೊಂದರ ಬೀದಿಯಲ್ಲಿ ಹುಡುಗಿಯೊಬ್ಬಳು ಓಡುತ್ತಲೇ ಇರುತ್ತಾಳೆ. ಎದುರಿಗೆ ಬಸ್ಸು ಬಂದರೆ ಬೆರಳನ್ನು ಮೇಲಕ್ಕೆ ಎಳೆದರಾಯಿತು, ಹಾರುತ್ತಾಳೆ. ಸೇತುವೆ, ಮಾಳಿಗೆ, ರೈಲಿನ ಬೆನ್ನು — ಪಟ್ಟಣ ಮುಗಿಯುವುದೇ ಇಲ್ಲ. ಬಿದ್ದರೂ ಮಂಡಿ ತರಚುವುದಿಲ್ಲ, ಮರುಕ್ಷಣ ಹೊಸ ಓಟ. ಪುತ್ತೂರಿನ ಪೇಟೆಯಲ್ಲಿ ರಸ್ತೆ ದಾಟಲು ಹೆದರುವ ನಾನು ಅಲ್ಲಿ ಯಾರ ಕೈಗೂ ಸಿಗದೆ ಓಡುತ್ತಿದ್ದೆ. ಟೀಚರ್ ಎಂದು ಕರೆಯುವವರು ಅಲ್ಲಿ ಒಬ್ಬರೂ ಇಲ್ಲ... ಅಷ್ಟು ಸುಖ ನನಗೆ ಬೇರೆಲ್ಲೂ ಇರಲಿಲ್ಲ. ಗಂಡನಿಗೂ ಗೊತ್ತಾಗದಂತೆ ಆಡುತ್ತಿದ್ದೆ.

ಮೋನಪ್ಪ ನಮ್ಮ ತೋಟದ ರಬ್ಬರ್ ಮರಗಳ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸ ಮಾಡುತ್ತಿದ್ದವ. ಮೂರನೇ ಕ್ಲಾಸಿನಲ್ಲಿ ನನ್ನ ಶಿಷ್ಯ. ನಡುವೆ ಕುಡಿತಕ್ಕೆ ಬಿದ್ದಿದ್ದ. ಹೆಂಡತಿ ಲಲಿತಳ ಹಟಕ್ಕೆ ಅದನ್ನು ಬಿಟ್ಟು ಎರಡು ವರ್ಷವಾಗಿತ್ತು. ರಬ್ಬರ್ ಶೀಟುಗಳನ್ನು ಗೂಡಿನೊಳಗೆ ಸಾಲಾಗಿ ತೂಗಹಾಕಿ, ಕೆಳಗೆ ತೆಂಗಿನ ಸಿಪ್ಪೆಗೆ ಬೆಂಕಿ ಕೊಟ್ಟು ಒಣಗಿಸುತ್ತೇವೆ. ಹೊಗೆ ಮಾತ್ರ ಬರಬೇಕು; ಜ್ವಾಲೆ ಎದ್ದರೆ ಮುಗಿಯಿತು. ಹಾಗಾಗಿ ಗಂಟೆಗೊಮ್ಮೆ ಯಾರಾದರೂ ಹೋಗಿ ನೋಡಲೇಬೇಕು. ಆ ಮಧ್ಯಾಹ್ನ ಅವನು ರೇಷನಿಗೆ ಬೆರಳು ಒತ್ತಲು ಕಡಬಕ್ಕೆ ಹೊರಟಿದ್ದ.

"ಟೀಚರೇ, ಒಮ್ಮೆ ಗೂಡು ನೋಡ್ತೀರಾ? ಬೆಂಕಿ ಎದ್ರೆ ಒಂಚೂರು ನೀರು ಚಿಮುಕಿಸಿದ್ರೆ ಸಾಕು."

"ಆಯ್ತು, ನೀನು ಹೋಗು."

ತಲೆ ಎತ್ತಲಿಲ್ಲ. ಅಂದು ಹಿಂದೆಂದಿಗಿಂತ ದೂರ ಓಡಿದ್ದೆ — ಇನ್ನೊಂದು ಸಲ, ಇನ್ನೊಂದೇ ಸಲ... ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೂ ಆ ಓಟ ಮುಗಿಸಿಯೇ ಎದ್ದೆ. ಇದನ್ನು ನಿನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ.

ನೆರೆಯವರು ನೀರು ಹೊತ್ತು ಬರುವಷ್ಟರಲ್ಲಿ ಗೂಡಿನ ಮಾಡು ಕುಸಿದಿತ್ತು. ಮೋನಪ್ಪನೂ ಓಡಿ ಬಂದ. ನೋಡಿಕೊಳ್ಳಲು ಯಾರಿಗಾದರೂ ಹೇಳಿ ಹೋಗಿದ್ದೆಯಾ ಎಂದು ಗಂಡ ಕೇಳಿದರು. ಅವನು ನನ್ನ ಮುಖ ನೋಡಿದ.

"ಟೀಚರಿಗೆ ಹೇಳಿದ್ದೆ. ಅವರಿಗೆ ಮರ್ತು ಹೋಗಿರ್ಬೇಕು."

ಹೌದು, ಮರೆತೆ ಎಂದಿದ್ದರೆ ಸಾಕಿತ್ತು — ಅವನೇ ದಾರಿ ಮಾಡಿಕೊಟ್ಟಿದ್ದ. ಆದರೆ ಊರೆಲ್ಲ ನೆರೆದಿತ್ತು, ಮೊಬೈಲ್ ಇನ್ನೂ ನನ್ನ ಕೈಯಲ್ಲೇ ಇತ್ತು.

"ನನಗೆ ಎಂತದೂ ಹೇಳ್ಲಿಲ್ಲ. ನನಗೆ ಮರೆವು ಇಲ್ಲ."

ಅವನು ಮರುಮಾತಾಡಲಿಲ್ಲ. ಕಲಿಸಿದವರಿಗೆ ಎದುರಾಡಬಾರದು ಎಂದು ಬೆಂಚಿನ ಮೇಲೆ ನಿಲ್ಲಿಸಿ ಕಲಿಸಿದವಳೂ ನಾನೇ ತಾನೆ. "ಪುನಃ ಸುರು ಮಾಡಿದ್ದಾನೆ ಕಾಣ್ತದೆ," ಎಂದರು ಯಾರೋ. ಅದಕ್ಕೂ ಸುಮ್ಮನಿದ್ದೆ. ಅಂದೇ ಅವನ ಕೆಲಸ ಹೋಯಿತು.

ಮೂರನೇ ದಿನ ಲಲಿತ ಬಂದಳು. ಜಗಲಿಯ ಕಂಬ ಹಿಡಿದು ನಿಂತು ಕೇಳಿದಳು: "ಅವ್ರು ಕುಡೀಲಿಲ್ಲ ಅಂತ ಆಣೆ ಹಾಕ್ತಾರೆ. ಟೀಚರೇ, ನೀವು ಹೇಳಿದ್ರೆ ನಾನು ನಂಬ್ತೇನೆ. ನಿಮ್ಮತ್ರ ಹೇಳಿ ಹೋದದ್ದು ನಿಜವಾ?"

ಗಂಡನನ್ನು ನಂಬಲು ಒಂದು ಮಾತು ಬೇಡಿಕೊಂಡು ಬಂದಿದ್ದಳು. ನಾನು ಇಲ್ಲ ಎಂದೆ. ಅದೇ ವಾರ ಮಗಳನ್ನು ಕರೆದುಕೊಂಡು ಆಲೆಟ್ಟಿಯ ತವರಿಗೆ ಹೋದವಳು ಹಿಂತಿರುಗಲಿಲ್ಲ. ಆಮೇಲೆ ಮೋನಪ್ಪ ನಿಜವಾಗಿಯೂ ಕುಡಿಯತೊಡಗಿದ. ಊರವರಿಗೆ ತಾವು ಹೇಳಿದ್ದೇ ಸರಿಯೆಂದು ಸಮಾಧಾನವಾಯಿತು.

ಮೂರು ವರ್ಷವಾಯಿತು. ನಿನ್ನೆ ಗಂಡನಿಗೆ ಎಲ್ಲ ಹೇಳಿದೆ. "ಈಗ ಹೇಳಿ ಎಂತ ಪ್ರಯೋಜನ ಉಂಟು? ನಿನ್ನ ಮರ್ಯಾದೆ ಹೋಗುದು ಮಾತ್ರ," ಎಂದರು. ಮೋನಪ್ಪನ ಮರ್ಯಾದೆ ಹೋದಾಗ ಈ ಮಾತು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ನಾಳೆ ಆಲೆಟ್ಟಿಗೆ ಹೋಗುತ್ತೇನೆ. ನಿನ್ನ ಗಂಡ ಅಂದು ಕುಡಿದಿರಲಿಲ್ಲ, ನನಗೆ ಹೇಳಿಯೇ ಹೋಗಿದ್ದ — ಇಷ್ಟನ್ನು ಲಲಿತಳ ಮುಖ ನೋಡಿ ಹೇಳಬೇಕು. ಅವಳು ನಂಬುತ್ತಾಳೆ. ನಾನು ಹೇಳಿದ್ದನ್ನು ಅವಳು ಯಾವತ್ತೂ ನಂಬಿದ್ದಾಳೆ.